ಅವನ ಹೆಸರು ನಿಮಗಿನ್ನೂ ನೆನಪಿದೆ

ತೀರ್ಥಹಳ್ಳಿ ತಾಲ್ಲೂಕಿನ ಹಿರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಗೋಳು ಹೊಯ್ದುಕೊಳ್ಳುವ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ಹಿಡಿಸಲಿಲ್ಲ. "ನಮ್ಮ ಕಾಲದಲ್ಲೂ ಇದೆಲ್ಲ ಇತ್ತು. ಪೆಟ್ಟು ತಿಂದೆವು, ಅಡ್ಡಹೆಸರು ಕರೆಸಿಕೊಂಡೆವು, ಗಟ್ಟಿಯಾದೆವು. ಈಗಿನ ಮಕ್ಕಳನ್ನು ನೀವೆಲ್ಲ ಸೇರಿ ಹೂವಿನ ಹಾಗೆ ಸಾಕುತ್ತಿದ್ದೀರಿ" ಎಂಬುದು ಅವರ ವಾದ. ಐದನೇ ಕ್ಲಾಸಿನ ಮೊಮ್ಮಗ ಶಾಲೆಗೆ ಹೋಗೋದಿಲ್ಲ ಅಂತ ಹಟ ಹಿಡಿದಿದ್ದಾನಂತೆ. ಮಗಳು ಶಾಲೆ ಬದಲಿಸುವ ಯೋಚನೆಯಲ್ಲಿದ್ದಾರೆ. ಅದು ತಪ್ಪು ಎಂದು ನಾನು ಬರೆಯಬೇಕಂತೆ.

ಹಿರಿಯರೇ, ಇಷ್ಟು ನೇರವಾಗಿ ಬರೆಯುವ ಓದುಗರು ಇರುವುದರಿಂದಲೇ ಪತ್ರಿಕೆ ನಡೆಸಲು ಹುಮ್ಮಸ್ಸು ಬರುವುದು. ನಿಮ್ಮ ಮಾತಿನಲ್ಲಿ ಒಂದಂಶ ಸರಿ. ಮಕ್ಕಳ ಪ್ರತಿ ಜಗಳಕ್ಕೂ ಅಪ್ಪ ಅಮ್ಮ ಬೈಕ್ ಹತ್ತಿ ಶಾಲೆಗೆ ಓಡಬಾರದು. ಬೆಳಿಗ್ಗೆ ಕಿತ್ತಾಡಿದವರು ಮಧ್ಯಾಹ್ನ ಬಿಸಿಯೂಟಕ್ಕೆ ಒಟ್ಟಿಗೆ ತಟ್ಟೆ ಹಿಡಿದು ನಿಲ್ಲುತ್ತಾರೆ. ಅದು ಇರಲಿ.

ಆದರೆ ನಿಮ್ಮ ಪತ್ರದ ಮೂರನೇ ಪುಟ ಬೇರೆಯೇ ಕತೆ ಹೇಳುತ್ತದೆ. ನೀವು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಬ್ಬ ದೊಡ್ಡ ಹುಡುಗ ಮಳೆಗಾಲ ಪೂರ್ತಿ ಹಳ್ಳ ದಾಟುವ ಕಾಲುಸಂಕದ ಹತ್ತಿರ ಕಾದು ನಿಲ್ಲುತ್ತಿದ್ದ. ಮಳೆಗೆ ಹೊದ್ದ ನಿಮ್ಮ ಕಂಬಳಿಕೊಪ್ಪೆ ಎಳೆದು ಹಳ್ಳಕ್ಕೆ ಎಸೆಯುತ್ತಿದ್ದ. ನೀವು ತೊಯ್ದುಕೊಂಡು ಹೋಗಿ ಒದ್ದೆ ಚಡ್ಡಿಯಲ್ಲೇ ಸಂಜೆಯವರೆಗೆ ಕೂರುತ್ತಿದ್ದಿರಿ. "ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ" ಎಂದು ಬರೆದಿದ್ದೀರಿ. ಅದೇ ಪುಟದಲ್ಲಿ ಆ ಹುಡುಗನ ಹೆಸರಿದೆ, ಅವನ ಅಪ್ಪನ ಹೆಸರಿದೆ, ಅವನ ಮನೆ ಯಾವ ದಿಬ್ಬದ ಮೇಲಿತ್ತು ಎಂಬುದಿದೆ, ಹೆಗಲ ಹತ್ತಿರ ಹರಿದ ಅವನ ಅಂಗಿಯ ಬಣ್ಣವೂ ಇದೆ. ಆ ವರ್ಷ ನಿಮಗೆ ಪಾಠ ಹೇಳಿದ ಮೇಷ್ಟರ ಹೆಸರು ಮಾತ್ರ ಮರೆತುಹೋಗಿದೆ ಎನ್ನುತ್ತೀರಿ. ಸುಮಾರು ಅರವತ್ತು ವರ್ಷ ಆಯಿತು. ಮನಸ್ಸಿಗೆ ಹಚ್ಚಿಕೊಳ್ಳದ ಸಂಗತಿ ಇಷ್ಟು ಚೆನ್ನಾಗಿ ನೆನಪಿರುತ್ತದಾ, ನೀವೇ ಹೇಳಿ.

ಇದು ನಿಮ್ಮೊಬ್ಬರ ಕತೆ ಅಲ್ಲ. ಬ್ರಿಟನ್ನಿನಲ್ಲಿ 1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಬಿಡದೆ ವಿಚಾರಿಸಿಕೊಂಡು ಬಂದಿದ್ದಾರೆ. ಹೆಚ್ಚುಕಡಿಮೆ ನಿಮ್ಮ ಓರಗೆಯವರು. ಆ ಮಕ್ಕಳಿಗೆ 7 ವರ್ಷ ಆದಾಗ ಒಮ್ಮೆ, 11 ಆದಾಗ ಇನ್ನೊಮ್ಮೆ, ಬೇರೆ ಮಕ್ಕಳು ಇವನನ್ನು ಕಾಡಿಸುತ್ತಾರಾ ಅಂತ ಹೆತ್ತವರನ್ನು ಕೇಳಿದ್ದರು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಹಾಗೆ ಉತ್ತರ ಸಿಕ್ಕ 7,771 ಮಂದಿಯ ವಿವರ ನೋಡಿ 2014ರಲ್ಲಿ ಪ್ರಕಟಿಸಿದರು. ಪದೇ ಪದೇ ಕಾಡಿಸಿಕೊಂಡವರಲ್ಲಿ 45ನೇ ವಯಸ್ಸಿನಲ್ಲೂ ಖಿನ್ನತೆ, ಆತಂಕ ಬೇರೆಯವರಿಗಿಂತ ಜಾಸ್ತಿ ಇತ್ತು. 50 ದಾಟುವ ಹೊತ್ತಿಗೆ ಸ್ನೇಹಿತರ ಒಡನಾಟ ಕಡಿಮೆ, ಕಷ್ಟಕ್ಕೆ ಆಗುವವರು ಕಡಿಮೆ. ಮನೆಯ ಬಡತನ, ಮಗುವಿನ ಬುದ್ಧಿಮಟ್ಟ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಹಾಗೇ ಉಳಿಯಿತು.

ಅಮೆರಿಕದಲ್ಲಿ 1,420 ಮಕ್ಕಳನ್ನು ದೊಡ್ಡವರಾಗುವ ತನಕ ನೋಡಿದ ಇನ್ನೊಂದು ಅಧ್ಯಯನ 2013ರಲ್ಲಿ ಬಂತು. ಅದನ್ನು ಓದಿ ನನಗೆ ತುಂಬ ಸಂಕಟವಾಯಿತು. ಎಲ್ಲರಿಗಿಂತ ಹೆಚ್ಚು ನಲುಗಿದವರು ಯಾರು ಗೊತ್ತಾ? ತಾವೂ ಕಾಡಿಸಿಕೊಂಡು, ಇನ್ನೊಬ್ಬರನ್ನೂ ಕಾಡಿಸಿದ ಮಕ್ಕಳು. ನಿಮ್ಮ ಸಂಕದ ಹತ್ತಿರ ನಿಂತಿದ್ದ ಹುಡುಗನ ಅಂಗಿ ಹೆಗಲ ಹತ್ತಿರ ಹರಿದಿತ್ತಲ್ಲ, ಅದನ್ನು ಹರಿದವರು ಯಾರಿರಬಹುದು? ಆಗ ಯಾರೂ ಕೇಳಲಿಲ್ಲ.

"ಗಟ್ಟಿಯಾದೆವು" ಎನ್ನುತ್ತೀರಲ್ಲ, ನನ್ನ ತಕರಾರು ಇರುವುದೇ ಆ ಮಾತಿನ ಬಗ್ಗೆ. ಗಟ್ಟಿಯಾಗದವರು ಪತ್ರಿಕೆಗೆ ಕಾಗದ ಬರೆಯುವುದಿಲ್ಲ. ಅವರು ಶಾಲೆಯನ್ನೇ ಬಿಟ್ಟುಬಿಟ್ಟರು. ಸಾಗರದ ಕಡೆ ಒಂದು ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿ ನಾನಿದ್ದೆ. ಸಾಲಾಗಿ ಕೂತ ಹೆಂಗಸರು ಮಾತಾಡುತ್ತಲೇ ಮೆಟ್ಟುಗತ್ತಿಯಲ್ಲಿ ಸುಲಿಯುತ್ತಿದ್ದರು. ಐವತ್ತರ ಆಸುಪಾಸಿನ ಒಬ್ಬಾಕೆಯ ಕೈಗೆ ಮಾತ್ರ ಎಲ್ಲರಿಗಿಂತ ವೇಗ. ಎಷ್ಟು ಓದಿದ್ದೀರಿ ಅಕ್ಕ ಅಂತ ಕೇಳಿದೆ. "ಆರನೇ ಕ್ಲಾಸು. ಶಾಲೆ ದೂರ ಆಗ್ತಿತ್ತು" ಅಂದರು. ಎಲ್ಲರೂ ಊಟಕ್ಕೆ ಎದ್ದ ಮೇಲೆ ನಿಧಾನವಾಗಿ ಹೇಳಿದರು: "ದೂರ ಅಲ್ಲ ಮಾರಾಯ್ರೆ. ಕುತ್ತಿಗೆ ಮೇಲೆ ತೊನ್ನಿತ್ತು. ಪಕ್ಕದಲ್ಲಿ ಯಾರೂ ಕೂರ್ತಿರಲಿಲ್ಲ. ನಾ ಮುಟ್ಟಿದ ಬಳಪ ಎಸೀತಿದ್ರು. ಟೀಚರಿಗೆ ಹೇಳಿದ್ರೆ, ನೀನು ಗಮನ ಕೊಡಬೇಡ ಅಂದ್ರು." ಮಾತಾಡುವಾಗಲೂ ಸೆರಗನ್ನು ಕುತ್ತಿಗೆ ಸುತ್ತ ಎಳೆದುಕೊಳ್ಳುತ್ತಲೇ ಇದ್ದರು. ದಾಖಲೆಯಲ್ಲಿ ಅವರು "ಶಾಲೆ ದೂರ" ಎಂಬ ಕಾರಣಕ್ಕೆ ಬಿಟ್ಟವರು. ಮಲೆನಾಡಿನಲ್ಲಿ ದೂರ, ಮಳೆ, ಹಳ್ಳ ಎಂದರೆ ಎಲ್ಲರೂ ನಂಬುತ್ತಾರೆ. ಅದರ ಹಿಂದೆ ಎಷ್ಟು ಮಕ್ಕಳ ಅವಮಾನ ಅಡಗಿದೆಯೋ.

"ಗಮನ ಕೊಡಬೇಡ" ಎಂಬ ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕೆನಡಾದ ಸಂಶೋಧಕರು ಆಟದ ಬಯಲಿನಲ್ಲಿ ಮಕ್ಕಳನ್ನು ಕ್ಯಾಮೆರಾದಲ್ಲಿ ಗಮನಿಸಿ 2001ರಲ್ಲಿ ಬರೆದದ್ದು ಹೀಗೆ: ಜೊತೆಯ ಒಂದು ಮಗು ನಡುವೆ ಬಂದು ತಡೆದಾಗ, ಅರ್ಧಕ್ಕಿಂತ ಹೆಚ್ಚು ಸಲ ಕಾಟ ಹತ್ತೇ ಸೆಕೆಂಡಿನಲ್ಲಿ ನಿಂತುಹೋಯಿತು. ಹತ್ತು ಸೆಕೆಂಡು! ನಮ್ಮ ಕಡೆಯ ಬೆಳಗಿನ ಖಾಸಗಿ ಬಸ್ಸೊಂದರ ಕಂಡಕ್ಟರಿಗೆ ಇದು ಯಾವ ಸಂಶೋಧನೆಯೂ ಇಲ್ಲದೆ ಗೊತ್ತು. ಹಿಂದಿನ ಸೀಟಿನ ಹುಡುಗರು ತೊದಲುವ ಹುಡುಗನೊಬ್ಬನ ಬಾಯಲ್ಲಿ ಬೇಕಂತಲೇ ಊರಿನ ಹೆಸರು ಹೇಳಿಸಿ ನಗುತ್ತಿದ್ದರು. ಕಂಡಕ್ಟರ್ ಬೈಯಲಿಲ್ಲ. "ಬಾರೋ ತಮ್ಮ, ಇಲ್ಲಿ ಕೂತ್ಕೊಂಡು ಚಿಲ್ಲರೆ ಎಣಿಸು" ಅಂತ ಅವನನ್ನು ಮುಂದೆ ಕೂರಿಸಿಕೊಂಡರು. ಮರುದಿನದಿಂದ ಅದೇ ಅವನ ಜಾಗ ಆಯಿತು.

ಸಹಿಸಿಕೊಂಡರೆ ಗಟ್ಟಿಯಾಗುತ್ತಾರೆ ಎಂಬುದನ್ನು ನಮ್ಮ ಜಿಲ್ಲೆಯೇ ಒಪ್ಪಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು, ಗೇಣಿ ಭತ್ತವನ್ನು ಹೆಚ್ಚಾಗಿ ಅಳೆದುಕೊಳ್ಳಲು ಒಡೆಯರು ಇಟ್ಟುಕೊಂಡಿದ್ದ ದೊಡ್ಡ ಕೊಳಗದ ವಿರುದ್ಧ ಎದ್ದು ನಿಂತರು. ಅವರ ಅಪ್ಪ ಅಜ್ಜಂದಿರು ಅದನ್ನು ಸಹಿಸಿಕೊಂಡೇ ಬಂದಿದ್ದರು. ಸಹನೆಯಿಂದ ಕೊಳಗ ಚಿಕ್ಕದಾಗಲಿಲ್ಲ. ದೊಡ್ಡವರ ವಿಷಯದಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತನ್ನು ಹತ್ತು ವರ್ಷದ ಮಗುವಿನ ವಿಷಯಕ್ಕೆ ಬಂದಾಗ ಯಾಕೆ ಮರೆಯುತ್ತೇವೆ?

ಇನ್ನು ನಿಮ್ಮ ಮೊಮ್ಮಗ. ಮಗಳು ಗಾಬರಿಯಾದದ್ದು ಸರಿಯಾಗಿಯೇ ಇದೆ. ಶಾಲೆ ಬದಲಿಸುವುದು ಕೊನೆಯ ದಾರಿ ಆಗಲಿ, ಯಾಕೆಂದರೆ ಇವನು ಬಿಟ್ಟ ಬೆಂಚಿನಲ್ಲಿ ನಾಳೆ ಇನ್ನೊಂದು ಮಗು ಕೂರುತ್ತದೆ. ಮೊದಲು ನೀವು ಅವನ ಜೊತೆ ಕೂತುಕೊಳ್ಳಿ. ಯಾರು ಏನು ಮಾಡಿದರು ಎಂದು ವಿಚಾರಣೆ ಮಾಡಬೇಡಿ. ನಿಮ್ಮ ಕೊಪ್ಪೆಯ ಕತೆ ಅವನಿಗೆ ಹೇಳಿ. ಗಟ್ಟಿಯಾದೆ ಅನ್ನುವ ಭಾಗ ಬಿಡಿ. ಒದ್ದೆ ಚಡ್ಡಿಯಲ್ಲಿ ಕೂತಾಗ ಹೇಗನ್ನಿಸಿತು ಅಂತ ಹೇಳಿ. ಅವನು ತಾನಾಗಿ ಬಾಯಿ ಬಿಟ್ಟಾನು. ಆಮೇಲೆ ಮುಖ್ಯೋಪಾಧ್ಯಾಯರನ್ನು ಕಾಣಿ, ಬರಹದಲ್ಲಿ ಕೊಡಿ. ಏನೂ ಆಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಬರಹದಲ್ಲಿ ಯಾಕೆ ಅಂದರೆ, ಬಾಯಿಮಾತಿಗೆ ನಮ್ಮಲ್ಲಿ ಬೆಲೆ ಇಲ್ಲ. 2009ರ ಮಾರ್ಚ್‌ನಲ್ಲಿ ಹಿಮಾಚಲದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರ‍್ಯಾಗಿಂಗ್‌ನಿಂದ ಸತ್ತ ಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅದೇ ವರ್ಷ ಕಟ್ಟುನಿಟ್ಟಿನ ನಿಯಮ ತಂದಿತು. ಕಾಲೇಜು ಸೇರುವಾಗ ಮಕ್ಕಳು, ಹೆತ್ತವರು ಇಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು. ಹದಿನೆಂಟರ ಹುಡುಗನಿಗೆ ಇಷ್ಟು ರಕ್ಷಣೆ. ಎಂಟು ವರ್ಷದವನಿಗೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಯಾವ ಮಗುವಿಗೂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೂಡದು ಎನ್ನುತ್ತದೆ. ಅದನ್ನು ಮೇಷ್ಟರ ಬೆತ್ತಕ್ಕಷ್ಟೇ ಸಂಬಂಧಪಟ್ಟದ್ದು ಅಂತ ಓದಿ ಮಡಚಿಡುತ್ತಾರೆ. ನಾರ್ವೆಯಲ್ಲಿ 1982ರ ಕೊನೆಯಲ್ಲಿ ಮೂವರು ಹುಡುಗರು ಜೀವ ಕಳೆದುಕೊಂಡರು, ಸಹಪಾಠಿಗಳ ಕಾಟವೇ ಕಾರಣ ಎಂಬ ಮಾತು ಬಂತು. ಮರುವರ್ಷವೇ ಸರ್ಕಾರ ದೇಶದ ಶಾಲೆಗಳಲ್ಲೆಲ್ಲ ಅಭಿಯಾನ ಶುರು ಮಾಡಿತು. ಅಲ್ಲಿ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ್ದು ಸರಳ ಸಂಗತಿ: ಬಿಡುವಿನ ಹೊತ್ತಿನಲ್ಲಿ ದೊಡ್ಡವರು ಬಯಲಿನಲ್ಲಿರಲಿ, ತರಗತಿಯಲ್ಲಿ ನಿಯಮ ಇರಲಿ, ಎರಡೂ ಕಡೆಯ ಹೆತ್ತವರ ಜೊತೆ ಮಾತಾಡಿ.

ಇದಕ್ಕೆ ಕೋಟಿ ರೂಪಾಯಿ ಬೇಕಾ? ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಶಿವಮೊಗ್ಗದಲ್ಲಿ ಸರ್ಕಲ್ ಸರ್ಕಲ್‌ಗೆ ಫ್ಲೆಕ್ಸ್ ಏಳುತ್ತವೆ. ಅಷ್ಟು ಉತ್ಸಾಹದಲ್ಲಿ ಅರ್ಧ ಸಾಕು. ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಯಾವಾಗ ಅಂತ ವಿಚಾರಿಸಿ. ಕಾಂಪೌಂಡು, ಶೌಚಾಲಯ, ಮೊಟ್ಟೆ ಇವುಗಳ ಜೊತೆ ಇದನ್ನೂ ಒಂದು ವಿಷಯ ಮಾಡಿಸಿ. ನಿಮ್ಮಂಥ ಹಿರಿಯರು ಎದ್ದು ನಿಂತು ಕೇಳಿದರೆ ಸಭೆ ಕೇಳುತ್ತದೆ. ಅಲ್ಲಿ ಏನಾಯಿತು ಅಂತ ಬರೆಯಿರಿ, ಎಷ್ಟು ಪುಟ ಆದರೂ ಅಚ್ಚು ಹಾಕುತ್ತೇನೆ.

— ಸಂ.