‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಅಂತಾರಲ್ಲ, ಅಡಿಕೆಯೇ ಯಾಕೆ?

ಯಾಕೆಂದರೆ ಅಡಿಕೆ ಬಿಟ್ಟಿ ಸಿಗುವ ವಸ್ತು. ಶಿರಸಿ ಕಡೆ ಮನೆಗೆ ಯಾರೇ ಬಂದರೂ ಆಸರಿ (ಬಾಯಾರಿಕೆಗೆ ಕುಡಿಯಲು ಕೊಡುವುದು) ಆದಮೇಲೆ ಕವಳದ, ಅಂದರೆ ಎಲೆಯಡಿಕೆಯ, ಬಟ್ಟಲು ಮುಂದಿಡುತ್ತಾರೆ. ಎಲೆ, ಸುಣ್ಣ, ಹೋಳು ಮಾಡಿದ ಅಡಿಕೆ. ಎಷ್ಟು ಹಾಕಿಕೊಂಡರೂ ಯಾರೂ ಲೆಕ್ಕ ಇಡುವುದಿಲ್ಲ. ಕೇಳಿದರೆ ಕೊಡುವಂಥದ್ದನ್ನು ಕದ್ದು ಸಿಕ್ಕಿಬಿದ್ದರೆ? ನಷ್ಟ ಏನೂ ಇಲ್ಲ, ಹೆಸರು ಮಾತ್ರ ಹೋಯಿತು. ತೋಟದಲ್ಲಿ ಬಿದ್ದ ಹಣ್ಣಡಿಕೆಯನ್ನು ಅತ್ತಿತ್ತ ನೋಡಿ ಮಡಿಲಿಗೆ ಸೇರಿಸಿಕೊಂಡವರ ಕಥೆಯೂ ಇದೇ. ಆಳು ನೋಡಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು!

ಇನ್ನು ಆನೆ. ಅದು ಅರಸರ ಮನೆಯ ಸೊತ್ತು, ಹಳೇ ಕಾಲದಲ್ಲಿ ಅದಕ್ಕಿಂತ ದೊಡ್ಡ ಉಡುಗೊರೆ ಯಾವುದಿತ್ತು? ಬೊಗಸೆಯಲ್ಲಿ ಹಿಡಿಯುವುದು ಒಂದು ಕಡೆ, ಅಂಗಳದಲ್ಲೂ ಹಿಡಿಸದ್ದು ಇನ್ನೊಂದು ಕಡೆ. ಜೊತೆಗೆ ‘ಅ’, ‘ಆ’ ಪ್ರಾಸ. ಗಾದೆ ಬಾಯಲ್ಲಿ ಉಳಿಯಲು ಈ ಪ್ರಾಸದ ಪಾಲೇ ಜಾಸ್ತಿ ಅಂತ ನನಗನಿಸುತ್ತದೆ. ‘ಮೆಣಸಿಗೆ ಹೋದ ಮಾನ’ ಅಂದು ನೋಡಿ, ಸಪ್ಪೆ ಅಲ್ವಾ?

ಕೆಲವರು ಗಾದೆಯಲ್ಲಿ ‘ಗೋಟಡಿಕೆ’ (ಹಣ್ಣಾದ ಮೇಲೆ ಒಣಗಿಸಿದ ಅಡಿಕೆ) ಅಂತಲೂ ಹೇಳುತ್ತಾರೆ, ಅರ್ಥ ಬದಲಾಗುವುದಿಲ್ಲ. ಆದರೆ ಈಗ ಅಡಿಕೆ ಕ್ವಿಂಟಲ್‌ಗೆ ಹತ್ತಾರು ಸಾವಿರ. ಒಂದು ಚೀಲ ಕದ್ದರೆ ಗಾದೆ ಹೇಳುತ್ತ ಕೂರುವುದಿಲ್ಲ, ಸೀದಾ ಪೊಲೀಸ್ ಠಾಣೆಗೆ ಹೋಗುತ್ತಾರೆ.