ವೈದ್ಯರೂ ಅಲ್ಲ, ವಕೀಲರೂ ಅಲ್ಲ, ಮತ್ತೇನು ಮಾಡಿದರು?

ಮಾನಸಿಕ ಕಾಯಿಲೆಗೂ ಅಪರಾಧಕ್ಕೂ ಇರುವ ನಂಟನ್ನು ಅಧ್ಯಯನ ಮಾಡಿದ ಅಮೆರಿಕದ ಹೆನ್ರಿ ಸ್ಟೆಡ್‌ಮನ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಕಾಗದ ಸಿಕ್ಕಿತು. "ಈ ಮನುಷ್ಯ ಒಬ್ಬ ರೋಗಿಗೂ ಮದ್ದು ಕೊಟ್ಟವರಲ್ಲ, ಒಂದು ಕೇಸೂ ವಾದಿಸಿದವರಲ್ಲ. ಕಾಯಿಲೆಯ ನೆಪದಲ್ಲಿ ಅಪರಾಧಿಗಳನ್ನು ಬಿಟ್ಟುಬಿಡಿ ಅನ್ನೋರಿಗೆ ಎರಡು ಪುಟ ಯಾಕೆ?" ಅಂತ ಕೇಳಿದ್ದೀರಿ. ಅಂಥವರನ್ನು ಜೈಲಿನ ಆಸ್ಪತ್ರೆಯಿಂದ ಬಿಡಿಸಿದ್ದು ಅವರಲ್ಲ, ಕೋರ್ಟು. ಬಿಟ್ಟ ಮೇಲೆ ಏನಾಯಿತು ಅಂತ ಲೆಕ್ಕ ಹಾಕಿದವರು ಅವರು.

ಆ ಲೆಕ್ಕದ ಕಥೆ ಲೇಖನದಲ್ಲಿ ಒಂದೇ ಸಾಲಿನಲ್ಲಿ ಮುಗಿದಿತ್ತು, ಅದು ನಮ್ಮ ತಪ್ಪು. 1959ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜಾನಿ ಬ್ಯಾಕ್ಸ್‌ಟ್ರಮ್ ಎಂಬುವನಿಗೆ ಹಲ್ಲೆ ಕೇಸಿನಲ್ಲಿ ಶಿಕ್ಷೆಯಾಯಿತು. ಹೆಚ್ಚೆಂದರೆ ಮೂರು ವರ್ಷ. ಜೈಲಿನಲ್ಲಿದ್ದಾಗ ತಲೆ ಸರಿಯಿಲ್ಲ ಎಂದು ವೈದ್ಯರು ಬರೆದುಕೊಟ್ಟರು, ಜೈಲು ಇಲಾಖೆಯ ಆಸ್ಪತ್ರೆಗೆ ಸೇರಿಸಿದರು. 1961ರ ಡಿಸೆಂಬರಿನಲ್ಲಿ ಶಿಕ್ಷೆ ಮುಗಿಯಿತು. ಅವನು ಮಾತ್ರ ಒಳಗೇ ಉಳಿದ! 1966ರಲ್ಲಿ ಸುಪ್ರೀಂ ಕೋರ್ಟು ಇದು ಸರಿಯಲ್ಲ ಎಂದಿತು. ಅವನ ಹಾಗೇ ಸಿಕ್ಕಿಕೊಂಡಿದ್ದ 967 ಜನರನ್ನು ಮಾಮೂಲಿ ಮಾನಸಿಕ ಆಸ್ಪತ್ರೆಗಳಿಗೆ ಕಳಿಸಬೇಕಾಯಿತು. ಎಲ್ಲರೂ 'ಅಪಾಯಕಾರಿ' ಎಂಬ ಹಣೆಪಟ್ಟಿ ಹೊತ್ತವರೇ. ಸ್ಟೆಡ್‌ಮನ್ ಮತ್ತು ಅವರ ಜೊತೆ ಸಂಶೋಧಕ ಜೋಸೆಫ್ ಕೊಕೊಜ್ಜಾ ಈ ಜನರ ಜಾಡು ಹಿಡಿದು ಹೋದರು. ನಾಲ್ಕು ವರ್ಷದಲ್ಲಿ ಬಿಗಿ ಕಾವಲಿನ ಆಸ್ಪತ್ರೆಗೆ ವಾಪಸಾದವರು ನೂರಕ್ಕೆ ಮೂರಕ್ಕಿಂತ ಕಡಿಮೆ.

ಇದನ್ನು ಓದಿದರೆ ಅವರು ಬರೀ ರೋಗಿಗಳ ಪರ ಅನ್ನಿಸಬಹುದು. ಇಲ್ಲ. 1998ರಲ್ಲಿ ಹೊರಬಂದ ಅವರ ತಂಡದ ದೊಡ್ಡ ಅಧ್ಯಯನದಲ್ಲಿ, ಆಸ್ಪತ್ರೆಯಿಂದ ಮನೆಗೆ ಹೋದವರಲ್ಲಿ ಕುಡಿತ, ಮಾದಕ ವಸ್ತುಗಳ ಚಟ ಇಲ್ಲದವರು ಚಟವಿಲ್ಲದ ನೆರೆಹೊರೆಯವರಿಗಿಂತ ಜಾಸ್ತಿ ಹಿಂಸೆಗೆ ಇಳಿದಿರಲಿಲ್ಲ. ಚಟ ಇದ್ದವರಲ್ಲಿ ಹಿಂಸೆ ಏರಿತ್ತು. ಎರಡನ್ನೂ ಬರೆದರು.

ಇನ್ನು, ಅವರದು ಸುಮ್ನೆ ಕಾಗದದ ಕೆಲಸ ಅಂತಲೂ ಬರೆದಿದ್ದಿರಲ್ಲ. ಜೈಲಿಗೆ ಹೊಸದಾಗಿ ಬಂದವನ ಹೆಸರು, ವಿಳಾಸ ಬರೆದುಕೊಳ್ಳುವ ಮೇಜು ನೆನೆಸಿಕೊಳ್ಳಿ. ಸ್ಟೆಡ್‌ಮನ್ ತಂಡ ಆ ಮೇಜಿಗೆ ಎಂಟು ಪ್ರಶ್ನೆಗಳ ಒಂದು ಹಾಳೆ ಮಾಡಿಕೊಟ್ಟಿತು. ನಿಮ್ಮ ತಲೆಗೆ ಯಾರೋ ಯೋಚನೆ ತುಂಬುತ್ತಿದ್ದಾರೆ ಅನ್ನಿಸುತ್ತಾ? ಮನಸ್ಸಿನ ಕಾಯಿಲೆಗೆ ಆಸ್ಪತ್ರೆ ಸೇರಿದ್ದು ಉಂಟಾ? ಹೌದು, ಇಲ್ಲ, ಅಷ್ಟೇ. ಎರಡು ಮೂರು ನಿಮಿಷದ ಕೆಲಸ. ವೈದ್ಯರೇ ಬೇಕಿಲ್ಲ, ಜೈಲಿನ ಸಿಬ್ಬಂದಿಯೇ ಕೇಳಬಹುದು. ವೈದ್ಯರ ಬಳಿ ಯಾರನ್ನು ಕಳಿಸಬೇಕು ಅಂತ ಅಲ್ಲೇ ಗೊತ್ತಾಗುತ್ತದೆ.

ಈ ಹಾಳೆಗೂ ಒಂದು ಕೊರತೆಯಿತ್ತು. ಗಂಡಸರ ವಿಷಯದಲ್ಲಿ ಹಿಡಿದಷ್ಟು ಸರಿಯಾಗಿ ಹೆಂಗಸರ ವಿಷಯದಲ್ಲಿ ಹಿಡಿಯಲಿಲ್ಲ. ಅವರದೇ ತಂಡ 2009ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಐದು ಜೈಲುಗಳಲ್ಲಿ ತೀವ್ರ ಮಾನಸಿಕ ಕಾಯಿಲೆ ಇದ್ದ ಗಂಡಸರು ಶೇ. 14.5, ಹೆಂಗಸರು ಶೇ. 31! ಎಲ್ಲಿ ಜಾಸ್ತಿ ಬೇಕೋ ಅಲ್ಲೇ ಕಣ್ಣು ತಪ್ಪುತ್ತಿತ್ತು, ಅಲ್ವಾ? ನೀವು ಟೀಕೆ ಮಾಡುವುದಾದರೆ ಇಲ್ಲಿಂದ ಶುರು ಮಾಡಿ, ನಾನೂ ಜೊತೆಗೆ ಬರುತ್ತೇನೆ.

ಒಂದು ತಿದ್ದುಪಡಿ. ಚಿತ್ರದ ಕೆಳಗೆ ಅವರನ್ನು 'ಮನೋವೈದ್ಯ' ಎಂದು ಹಾಕಿದ್ದೆವು. ಅವರು ಸಮಾಜಶಾಸ್ತ್ರಜ್ಞರು. ನಿಮ್ಮ ಅರ್ಧ ಕೋಪಕ್ಕೆ ನಾವೇ ಕಾರಣ ಅಂತ ಈಗ ಅನ್ನಿಸುತ್ತಿದೆ.

— ಸಂಪಾದಕ