ವರ್ಷದ ಜೋಳಕ್ಕೆ ನುಸಿ ಹಿಡಿಯದಿರಲು

ನಮಸ್ಕಾರ ಅಕ್ಕಾ. ಸಿಂಧನೂರಿನಲ್ಲಿ ವರ್ಷಕ್ಕಾಗುವಷ್ಟು ಬಿಳಿಜೋಳ ತಂದಿಟ್ಟರೆ ಶ್ರಾವಣದ ಹೊತ್ತಿಗೆ ನುಸಿ ಹಿಡಿಯುತ್ತದೆ, ಕಾಳಿನ ಹುಳ ಕೊಲ್ಲುವ ಮಾತ್ರೆ ಇಡಬಹುದಾ ಅಂತ ಕೇಳಿದ್ದೀರಿ. ಮನೆಯೊಳಗೆ ಮಾತ್ರೆ ದಯವಿಟ್ಟು ಬೇಡ. ಅದರಿಂದ ಬರುವ ಫಾಸ್ಫೀನ್ ಅನಿಲ ಮನುಷ್ಯರ ಜೀವಕ್ಕೇ ಅಪಾಯ.

ಮುಖ್ಯ ಕೆಲಸ ಇರುವುದು ಒಣಗಿಸುವುದರಲ್ಲಿ. ಹಿಂಗಾರಿ ಜೋಳ ಕೈಗೆ ಬರುವ ಹೊತ್ತಿಗೆ ನಮ್ಮ ರಾಯಚೂರು ಕಡೆ ಬಿಸಿಲಿಗೇನು ಬರ ಇಲ್ಲ, ಅಲ್ವಾ? ಮಾಳಿಗೆ ಮೇಲೆ ತಾಡಪಾಲು ಹಾಸಿ, ತೆಳ್ಳಗೆ ಹರವಿ, ಆಗಾಗ ಕೈಯಾಡಿಸಿ ಎರಡು ಮೂರು ದಿನ ಒಣಗಿಸಿ. ಆಮೇಲೆ ಒಂದು ಕಾಳು ಕಚ್ಚಿ ನೋಡಿ. ಕಟ್ ಅಂತ ಮುರಿದರೆ ಸರಿ, ಹಲ್ಲಿಗೆ ಮೆತ್ತಗೆ ಸಿಕ್ಕರೆ ಇನ್ನೊಂದು ಬಿಸಿಲು ಬೇಕು. ಬಿಸಿ ಕಾಳನ್ನು ಹಾಗೇ ಡ್ರಮ್ಮಿಗೆ ಸುರಿಯಬೇಡಿ, ಒಳಗೆ ಬೆವರುತ್ತದೆ. ಪೂರ್ತಿ ಆರಲಿ.

ಹಳೆಯ ಗೋಣಿಚೀಲದ ಹೊಲಿಗೆಯಲ್ಲೇ ಹುಳ ಅಡಗಿರುತ್ತವೆ. ಹಾಗಾಗಿ ಬಿಗಿ ಮುಚ್ಚಳದ ತಗಡಿನ ಡ್ರಮ್ ಮೇಲು. ಅದನ್ನು ಬಾಯಿಮಟ್ಟ ತುಂಬಿ. ಗಾಳಿ ಕಡಿಮೆಯಾದಷ್ಟೂ ಹುಳ ಬದುಕುವುದು ಕಷ್ಟ. ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ಜೋಳ ಉಳಿಯುತ್ತಿದ್ದುದೂ ಹೀಗೇ. ಬೇವಿನೆಲೆಯನ್ನು ನೆರಳಲ್ಲಿ ಒಣಗಿಸಿಯೇ ಹಾಕಿ, ಹಸಿ ಎಲೆ ತೇವ ತರುತ್ತದೆ. ಸುಮ್ನೆ ಬೇವೊಂದನ್ನೇ ನಂಬಿ ಕೂರಬೇಡಿ.

ದಿನಕ್ಕೆ ಒಂದು ಕೆಜಿ ಹಿಟ್ಟು ಹೋಗುವ ಮನೆಗೆ ವರ್ಷಕ್ಕೆ ಮೂರೂಮುಕ್ಕಾಲು ಕ್ವಿಂಟಲ್ ಸಾಕು. ಅದನ್ನು ಮೂರ್ನಾಲ್ಕು ಡ್ರಮ್ಮಿಗೆ ಹಂಚಿ. ಒಂದು ತೆಗೆದರೂ ಉಳಿದವು ಮುಚ್ಚಿಯೇ ಇರುತ್ತವೆ. ಹಿಟ್ಟು ಮಾತ್ರ ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ. ಜಾಸ್ತಿ ದಿನ ಇಟ್ಟರೆ ಕಹಿಯಾಗುತ್ತದೆ, ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ.